ಕ್ಯಾರಿಯರ್ ಇಲ್ಲದ ಸೈಕಲ್ಲು

ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿಯ ಉದ್ಘಾಟನೆಯಾದದ್ದು ಬೆಂಗಳೂರಿನಲ್ಲೂ ಅಲ್ಲ, ಮೈಸೂರಿನಲ್ಲೂ ಅಲ್ಲ. ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. 2023ರ ಮಾರ್ಚ್ 12ರಂದು ಪ್ರಧಾನಿಯವರೇ ಬಂದು ಲೋಕಾರ್ಪಣೆ ಮಾಡಿದರು. 118 ಕಿಲೋಮೀಟರು, ಎಂಟು ಸಾವಿರ ಕೋಟಿಗೂ ಮಿಕ್ಕಿದ ಖರ್ಚು, ಒಂದೂವರೆ ಗಂಟೆಗೆ ಮೈಸೂರು ಎಂದೆಲ್ಲ ಕೇಳಿ ನಮ್ಮ ಸೀಮೆಯವರ ಎದೆ ಒಂದು ಗೇಣು ಉಬ್ಬಿತ್ತು. ಐದು ತಿಂಗಳು ತುಂಬುವ ಮೊದಲೇ, ಆಗಸ್ಟ್ 1ರಿಂದ, ಬೈಕು, ಆಟೊ, ಟ್ರ್ಯಾಕ್ಟರು, ಎತ್ತಿನಗಾಡಿ, ಸೈಕಲ್ಲು ಯಾವುದೂ ನಡುವಿನ ಆರು ಪಥಕ್ಕೆ ಕಾಲಿಡಕೂಡದು ಎಂಬ ಆಜ್ಞೆ ಬಂತು. ಮದ್ದೂರು ತಾಲ್ಲೂಕಿನ ಜನ ದಿನಾ ಬಳಸುವ ವಾಹನಗಳನ್ನೆಲ್ಲ ಪಟ್ಟಿ ಮಾಡಿಕೊಡಿ ಎಂದು ಯಾರಾದರೂ ಕೇಳಿದ್ದರೆ ನಾವೂ ಇದೇ ಪಟ್ಟಿ ಕೊಡುತ್ತಿದ್ದೆವು.

ಆಜ್ಞೆಯನ್ನು ಹೀಗಳೆಯಲು ನಾನು ಹೊರಟಿಲ್ಲ. ಆ ವರ್ಷ ಅಲ್ಲಿ ಆದ ಸಾವುನೋವು ಕಂಡವರು ಯಾರೂ ಹಾಗೆ ಮಾಡಲಾರರು. ನೂರರ ಮೇಲೆ ಬರುವ ಕಾರಿನ ಪಕ್ಕಕ್ಕೆ ಹಸಿಹುಲ್ಲಿನ ಹೊರೆ ಕಟ್ಟಿದ ಸೈಕಲ್ಲು ಬಂದರೆ ಹುಲ್ಲಿಗೂ ಒಳ್ಳೆಯದಲ್ಲ, ಕಾರಿಗೂ ಒಳ್ಳೆಯದಲ್ಲ. ನಮ್ಮ ಪಾಲಿಗೆ ಉಳಿದದ್ದು ಅಕ್ಕಪಕ್ಕದ ಎರಡೆರಡು ಪಥದ ಸರ್ವಿಸ್ ರಸ್ತೆ. ಅದರ ಸ್ವಭಾವ ಸ್ವಲ್ಪ ವಿಚಿತ್ರ. ಚೆನ್ನಾಗಿಯೇ ಬರುತ್ತಿರುತ್ತದೆ, ಯಾವುದೋ ಸೇತುವೆ ಎದುರಾದ ಕೂಡಲೇ ಹೇಳದೆ ಕೇಳದೆ ಮುಗಿದುಬಿಡುತ್ತದೆ. ಮುಂದಿನದು ಎಲ್ಲಿಂದ ಶುರು ಎಂದು ಪಕ್ಕದ ಎಳನೀರಿನವನನ್ನು ಕೇಳಿ ತಿಳಿಯಬೇಕು. ಎಳನೀರು ಕುಡಿಯದೆ ಬರೀ ದಾರಿ ಕೇಳಿದರೆ ಅವನು ಹೇಳುವ ದಾರಿಯೂ ಅಷ್ಟಕ್ಕಷ್ಟೇ.

ನಮ್ಮೂರು ಬೆಸಗರಹಳ್ಳಿ ಈ ಹೆದ್ದಾರಿಯ ಮೇಲಿಲ್ಲ. ಮದ್ದೂರಿನಲ್ಲಿ ಬಡಗಣಕ್ಕೆ ತಿರುಗಿ ಕೊಪ್ಪದ ಕಡೆಗೆ ಒಂದು ಗಂಟೆ ಆರಾಮವಾಗಿ ತುಳಿದರೆ ಸಿಗುವ ಊರು. ಕನ್ನಡ ಓದುವವರಿಗೆ ಹೆಸರು ಗೊತ್ತಿರುವುದು ಡಾ. ಬೆಸಗರಹಳ್ಳಿ ರಾಮಣ್ಣನವರಿಂದ. 1938ರಲ್ಲಿ ಹುಟ್ಟಿ, ಡಾಕ್ಟರಾಗಿ ಜನರ ನಾಡಿ ಹಿಡಿದು, ಅದೇ ಜನರ ಬಾಯಿಮಾತಿನಲ್ಲಿ ಕತೆ ಬರೆದು, 1998ರಲ್ಲಿ ತೀರಿಕೊಂಡವರು. ಅವರ ‘ಗಾಂಧಿ’ ಕತೆ ಓದಿದ ಬೆಂಗಳೂರಿನವರೊಬ್ಬರು ಒಮ್ಮೆ ನಮ್ಮ ಊರಿನಲ್ಲಿ ಸೈಕಲ್ಲಿಳಿದು, ಭಕ್ತಿಯಿಂದ, ಅಂಗಡಿ ಮುಂದೆ ನಿಂತಿದ್ದ ಹುಡುಗನನ್ನು ಕೇಳಿದರು: ‘ರಾಮಣ್ಣನವರ ಊರು ಇದೇ ಅಲ್ವಾ?’ ಹುಡುಗ ಬಲು ಹೊಣೆಗಾರಿಕೆಯಿಂದ ಮರುಪ್ರಶ್ನೆ ಹಾಕಿದ: ‘ಯಾವ ರಾಮಣ್ಣ ಸಾ? ಮೇಗಲ ಬೀದಿ ರಾಮಣ್ಣನೋ, ಬೋರ್‌ವೆಲ್ ರಾಮಣ್ಣನೋ?’ ಕತೆಗಾರರು ಇದ್ದಿದ್ದರೆ ಇದನ್ನು ಅವರೇ ಬರೆದುಕೊಳ್ಳುತ್ತಿದ್ದರು.

ಸೈಕಲ್ಲಿಳಿದು ಊರು ಕೇಳುವ ಇಂಥವರು ಈಗ ಹೆಚ್ಚಾಗಿದ್ದಾರೆ. ಶನಿವಾರ, ಭಾನುವಾರ ಬೆಳಗಿನ ಹೊತ್ತು ಮದ್ದೂರಿನ ಹೋಟೆಲುಗಳ ಮುಂದೆ ಗೋಡೆಗೊರಗಿದ ಸೈಕಲ್ಲುಗಳ ಸಾಲು. ಕೆಲವರು ವಡೆ ತಿಂದು ಅಲ್ಲಿಂದಲೇ ವಾಪಸು. ಕೆಲವರು ಕೊಕ್ಕರೆ ಬೆಳ್ಳೂರಿಗೆ ಹೋಗಿ ಹೆಜ್ಜಾರ್ಲೆ ನೋಡುತ್ತಾರೆ. ಕೆಲವರು ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ನಿಂತು, 1938ರಲ್ಲಿ ಇಲ್ಲಿ ಬಾವುಟ ಹಾರಿಸಿದ್ದಕ್ಕೂ ತಾವು ಇಲ್ಲಿಯವರೆಗೆ ತುಳಿದು ಬಂದದ್ದಕ್ಕೂ ಸೇರಿಸಿ ಒಂದೇ ಫೋಟೋ ಹೊಡೆಸಿಕೊಳ್ಳುತ್ತಾರೆ. ಗಟ್ಟಿಗರು ಹೆದ್ದಾರಿಯನ್ನೇ ಬಿಟ್ಟು, ಮಾಗಡಿ, ಹುಲಿಯೂರುದುರ್ಗದ ಗುಡ್ಡಗಳ ಮೇಲೆ ಸುತ್ತಿ ನಮ್ಮ ಕಡೆಯಿಂದ ಮಂಡ್ಯ, ಶ್ರೀರಂಗಪಟ್ಟಣ, ಮೈಸೂರು ಎಂದು ಹೋಗುವುದುಂಟು. ಪೇಟೆಗೂ ಹಳ್ಳಿಗೂ ನಡುವೆ ಹೊಸದೊಂದು ಸೈಕಲ್ ದಾರಿ ಕಂಡುಹಿಡಿದ ಹೆಮ್ಮೆ ಅವರ ಮುಖದ ಮೇಲಿರುತ್ತದೆ. ಕೊಲಂಬಸನಿಗೂ ಇತ್ತು.

ಆ ದಾರಿಯಲ್ಲಿ ಮೊದಲಿಂದಲೂ ಇದ್ದವರ ವಿಷಯ ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆ ಬರಿಯ ಸೈಕಲ್ಲು ತುಳಿದವರನ್ನು ನಾನು ಚಿಕ್ಕಂದಿನಲ್ಲಿ ಕಂಡ ನೆನಪಿಲ್ಲ. ಕ್ಯಾರಿಯರಿನ ಮೇಲೆ ಏನಾದರೂ ಇರಲೇಬೇಕು. ಹಾಲಿನ ಕ್ಯಾನು, ಯೂರಿಯಾ ಮೂಟೆ, ಮಿಲ್ಲಿಗೆ ಹೊರಟ ರಾಗಿ, ಆಸ್ಪತ್ರೆಗೆ ಹೊರಟ ಅಜ್ಜಿ, ತವರಿಗೆ ಹೊರಟ ಹೆಂಡತಿ. ಹೆಂಡತಿ ಕ್ಯಾರಿಯರಿನಲ್ಲಿ, ಚಿಕ್ಕ ಮಗು ಅವಳ ತೊಡೆಯ ಮೇಲೆ, ದೊಡ್ಡದು ಮುಂದಿನ ಬಾರಿನ ಮೇಲೆ, ಹ್ಯಾಂಡಲಿಗೆ ಎರಡು ಚೀಲ, ಒಂದು ಚೀಲದಿಂದ ಇಣುಕುವ ಕೋಳಿ. ದಿಬ್ಬ ಬಂದರೆ ಕೋಳಿಯೊಂದನ್ನು ಬಿಟ್ಟು ಮಿಕ್ಕವರೆಲ್ಲ ಇಳಿಯುವರು. ಐಸ್‌ಕ್ಯಾಂಡಿಯವನು, ಪಾತ್ರೆಯವನು, ಬಟ್ಟೆಯ ಗಂಟಿನವನು, ಕೆರೆ ಮೀನಿನವನು, ಎಲ್ಲರ ಅಂಗಡಿಯೂ ಕ್ಯಾರಿಯರಿನ ಮೇಲೆಯೇ.

ಇವರೆಲ್ಲರನ್ನೂ ಮೀರಿಸಿದವರು ನಮ್ಮ ಚಿಕ್ಕಪ್ಪ. ಅವರದು ರೇಷ್ಮೆ. ಗೂಡು ಕಟ್ಟಿದ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುವುದರೊಳಗೆ ಮಾರಿಬಿಡಬೇಕು. ತೂತು ಬಿದ್ದ ಗೂಡಿಗೆ ನೂಲು ಬಿಚ್ಚುವವನು ಕೈ ಹಾಕುವುದಿಲ್ಲ. ಮಾರುಕಟ್ಟೆ ಇರುವುದು ರಾಮನಗರದಲ್ಲಿ. ಬಸ್ಸಿನ ಟಾಪಿಗೆ ಹಾಕಿದರೆ ಮೇಲೆ ಯಾರಾದರೂ ಬಾಳೆಗೊನೆ ಒಗೆದು ಗೂಡು ಜಜ್ಜಿಹೋದೀತೆಂದು ಅವರಿಗೆ ಭಯ. ಆದ್ದರಿಂದ ನಡುರಾತ್ರಿ ಎದ್ದು, ಕ್ಯಾರಿಯರಿಗೆ ಅಡ್ಡಲಾಗಿ ಎರಡು ಬಿದಿರು ಗಳ ಬಿಗಿದು, ಅದರ ಮೇಲೆ ಚೀಲಗಳನ್ನು ಹೇರಿ ಹೊರಡುವರು. ರೇಷ್ಮೆ ಗೂಡು ತೂಕದಲ್ಲಿ ಹಗುರ, ಗಾತ್ರದಲ್ಲಿ ರಾಕ್ಷಸ. ಹಿಂದಿನಿಂದ ನೋಡಿದರೆ ಚಿಕ್ಕಪ್ಪನೂ ಕಾಣುತ್ತಿರಲಿಲ್ಲ, ಸೈಕಲ್ಲೂ ಕಾಣುತ್ತಿರಲಿಲ್ಲ. ಎರಡು ಬಿಳಿ ಚೀಲ ತಮ್ಮ ಪಾಡಿಗೆ ತಾವು ರಾಮನಗರದ ಕಡೆ ಹೊರಟಿರುತ್ತಿದ್ದವು. ನಿಡಘಟ್ಟದ ಬಯಲಿನಲ್ಲಿ ಎದುರುಗಾಳಿ ಹೊಡೆದರೆ ಎಷ್ಟು ತುಳಿದರೂ ನಿಂತಲ್ಲೇ ನಿಲ್ಲುತ್ತಿತ್ತಂತೆ. ಹಿಂಗಾಳಿ ಸಿಕ್ಕಿದರೆ ಚನ್ನಪಟ್ಟಣದವರೆಗೆ ಪೆಡಲೇ ಬೇಡವಂತೆ. ಎರಡನೆಯದನ್ನು ನಾವು ಯಾರೂ ನಂಬಿಲ್ಲ. ಹರಾಜು ಮುಗಿಸಿ, ಖಾಲಿ ಚೀಲ ಮಡಚಿಟ್ಟು, ಚನ್ನಪಟ್ಟಣದಲ್ಲಿ ನಮಗೊಂದು ಮರದ ಬುಗುರಿ ಕೊಂಡು, ಸಂಜೆಗೆ ಮನೆ ಸೇರುವರು. ಹೋಗಿ ಬರುವ ದಾರಿ ಎಂಬತ್ತು ತೊಂಬತ್ತು ಕಿಲೋಮೀಟರು. ಅದನ್ನು ಒಂದು ಸಾಧನೆ ಎಂದು ಅವರು ಯಾವತ್ತೂ ಹೇಳಿಕೊಂಡದ್ದಿಲ್ಲ. ಅವತ್ತಿನ ಗೂಡಿನ ರೇಟನ್ನು ಮಾತ್ರ ಇವತ್ತಿಗೂ ಹೇಳುತ್ತಾರೆ.

ನಾನು ಸೈಕಲ್ಲು ಕಲಿತದ್ದು ಎಲ್ಲರಂತೆ ಬಾಡಿಗೆ ಸೈಕಲ್ಲಿನಲ್ಲಿ, ಎಲ್ಲರಂತೆ ಒಳಪೆಡಲು ಹೊಡೆದು. ಸೀಟಿನ ಎತ್ತರಕ್ಕೆ ಬೆಳೆಯುವವರೆಗೂ ಕಾಯುವ ತಾಳ್ಮೆ ಯಾರಿಗಿತ್ತು? ಬಾರಿನ ಕೆಳಗಿನ ತ್ರಿಕೋನದೊಳಗೆ ಬಲಗಾಲು ತೂರಿಸಿ, ಸೈಕಲ್ಲು ಒಂದು ಕಡೆಗೆ, ನಾವು ಒಂದು ಕಡೆಗೆ ವಾಲಿಕೊಂಡು, ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ, ಟಕ್ ಟಕ್ ಎಂದು ಹೋಗುವುದು. ಗಂಟೆಗೆ ನಾಲ್ಕಾಣೆ. ಶಾಪಿನವರು ನಮ್ಮ ಹೆಸರು ಬರೆದುಕೊಳ್ಳುತ್ತಿರಲಿಲ್ಲ, ಅಪ್ಪನ ಹೆಸರು ಬರೆದುಕೊಳ್ಳುತ್ತಿದ್ದರು. ಗಂಟೆ ಮುಗಿಯಿತೇ ಎಂದು ನೋಡಲು ನಮ್ಮ ಹತ್ತಿರ ಗಡಿಯಾರವಿರಲಿಲ್ಲ. ಅವರ ಹತ್ತಿರ ಇತ್ತು. ಅದು ನಮ್ಮ ವಿಷಯದಲ್ಲಿ ಸ್ವಲ್ಪ ಬೇಗ ಓಡುತ್ತಿತ್ತು.

ಕಾಲು ನೆಲಕ್ಕೆ ಎಟುಕಿದ ಮೇಲೆ ಮಂಡ್ಯಕ್ಕೆ ಸಿನಿಮಾ, ಮಳವಳ್ಳಿ ದಾಟಿ ಶಿವನಸಮುದ್ರ. ಮಳವಳ್ಳಿಗೆ ಮದ್ದೂರಿನಿಂದ ಕೆ.ಎಂ. ದೊಡ್ಡಿಯ ಮೇಲೆ ಹೋಗಬೇಕು. ಅಲ್ಲೊಂದು ಸಕ್ಕರೆ ಕಾರ್ಖಾನೆ. ಕಬ್ಬು ಅರೆಯುವ ಕಾಲದಲ್ಲಿ ರಸ್ತೆಯ ತುಂಬ ಟ್ರ್ಯಾಕ್ಟರುಗಳು. ಎಡಗೈಯಲ್ಲಿ ಹ್ಯಾಂಡಲು, ಬಲಗೈಯಲ್ಲಿ ಟ್ರೈಲರಿನ ಹಗ್ಗ, ಬಾಯಲ್ಲಿ ಅದೇ ಟ್ರೈಲರಿನಿಂದ ಕಿತ್ತ ಕಬ್ಬಿನ ಜಲ್ಲೆ. ಎರಡು ಗಾಲಿಯ ಮೇಲೆ ಇದಕ್ಕಿಂತ ಹೆಚ್ಚಿನ ಸುಖವನ್ನು ನಾನು ಇದುವರೆಗೆ ಕಂಡಿಲ್ಲ. ಈಗಿನ ಸೈಕಲ್ಲಿನವರು ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ಗಾಳಿಯ ಮರೆಯಲ್ಲಿ ತುಳಿಯುವುದಕ್ಕೆ ಏನೇನೋ ಶಾಸ್ತ್ರ ಹೇಳುತ್ತಾರೆ. ನಮ್ಮ ಶಾಸ್ತ್ರದಲ್ಲಿ ತುಳಿಯುವ ಭಾಗವೇ ಇರಲಿಲ್ಲ, ಟ್ರ್ಯಾಕ್ಟರಿನವನು ಹಿಂತಿರುಗಿ ನೋಡಿ ಬೈಯುವ ಭಾಗವಿತ್ತು. ದೊಡ್ಡಿ ದಾಟಿದ ಮೇಲೆ ಟ್ರ್ಯಾಕ್ಟರಿಲ್ಲ, ಕಾಲೇ ಗತಿ. ಶಿವನಸಮುದ್ರ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಜಾಗ. ನಾವು ಅಲ್ಲಿಗೆ ತಲುಪುವ ಹೊತ್ತಿಗೆ ನಮ್ಮಲ್ಲಿ ಕರೆಂಟು ಉಳಿದಿರುತ್ತಿರಲಿಲ್ಲ.

ಬೆಂಗಳೂರು–ಮೈಸೂರು ರಸ್ತೆ ನಿಜಕ್ಕೂ ಸೈಕಲ್ಲಿನವರದಾಗುತ್ತಿದ್ದದ್ದು ಕಾವೇರಿ ಗಲಾಟೆಯ ದಿನಗಳಲ್ಲಿ. ತಮಿಳುನಾಡಿಗೆ ನೀರು ಬಿಡಬೇಕೆಂದು ದೆಹಲಿಯಿಂದ ಸುದ್ದಿ ಬಂದ ಕೂಡಲೇ ಮದ್ದೂರು, ಗೆಜ್ಜಲಗೆರೆ, ಮಂಡ್ಯದಲ್ಲಿ ರಸ್ತೆಗೆ ಎತ್ತಿನಗಾಡಿ ಅಡ್ಡ ನಿಲ್ಲುತ್ತಿತ್ತು. 1991ರಲ್ಲಿ, 2002ರಲ್ಲಿ, 2012ರಲ್ಲಿ, 2016ರಲ್ಲಿ. ರಾಜಧಾನಿಗೂ ಅರಮನೆಯ ಊರಿಗೂ ನಡುವೆ ಒಂದು ಬಸ್ಸಿಲ್ಲ, ಲಾರಿಯಿಲ್ಲ. ದೊಡ್ಡವರು ರಸ್ತೆಯಲ್ಲೇ ಒಲೆ ಹೂಡಿ ಅನ್ನ ಬೇಯಿಸುತ್ತಿದ್ದರೆ, ಹುಡುಗರು ಹೆದ್ದಾರಿಯ ನಟ್ಟನಡುವೆ ಎರಡೂ ಕೈ ಬಿಟ್ಟು ಸೈಕಲ್ ಹೊಡೆಯುತ್ತಿದ್ದರು. ದಕ್ಷಿಣ ಅಮೆರಿಕದ ಬೊಗೋಟಾ ನಗರದಲ್ಲಿ 1974ರಲ್ಲಿ ಶುರುವಾದ ರೂಢಿಯಂತೆ ಭಾನುವಾರಗಳಂದು ಈಗ ನೂರು ಕಿಲೋಮೀಟರಿಗೂ ಹೆಚ್ಚು ರಸ್ತೆಯನ್ನು ಕಾರುಗಳಿಗೆ ಮುಚ್ಚಿ ಸೈಕಲ್ಲಿಗೆ ಬಿಟ್ಟುಕೊಡುತ್ತಾರೆ. ನಮ್ಮಲ್ಲಿ ಅದಕ್ಕೆ ಸುಪ್ರೀಂ ಕೋರ್ಟಿನ ಆದೇಶ ಬೇಕು.

ಇನ್ನೊಬ್ಬನನ್ನು ಇಲ್ಲಿ ಮರೆಯುವಂತಿಲ್ಲ: ಸ್ಕೂಲ್ ಮೈದಾನದಲ್ಲಿ ಏಳು ದಿನ ಏಳು ರಾತ್ರಿ ಕಾಲು ನೆಲಕ್ಕಿಡದೆ ಸೈಕಲ್ ತುಳಿಯುತ್ತಿದ್ದ ಸರ್ಕಸ್ಸಿನವನು. ನಡುವೆ ಒಂದು ಕಂಬ, ಕಂಬಕ್ಕೊಂದು ಟ್ಯೂಬ್‌ಲೈಟು, ಗರಗರ ಎನ್ನುವ ಮೈಕು. ಸೈಕಲ್ಲಿನ ಮೇಲೆಯೇ ಅವನ ಸ್ನಾನ, ಅಲ್ಲೇ ಮುದ್ದೆ ನುಂಗುವುದು, ಅಲ್ಲೇ ಗಡ್ಡ ಹೆರೆದುಕೊಳ್ಳುವುದು. ರಾತ್ರಿಯಾದರೆ ರೆಕಾರ್ಡ್ ಡ್ಯಾನ್ಸು. ಗೌಡರು ಎದ್ದು ಹೋಗಿ, ಅವನ ಜೊತೆ ಜೊತೆಗೇ ನಾಲ್ಕು ಹೆಜ್ಜೆ ಓಡಿ, ಅವನ ಅಂಗಿಗೆ ಹತ್ತು ರೂಪಾಯಿ ನೋಟು ಪಿನ್ನು ಚುಚ್ಚಿ ಬರುವರು. ಅವನು ಏಳು ದಿನದಲ್ಲಿ ಎಷ್ಟು ದೂರ ತುಳಿದನೆಂದು ಲೆಕ್ಕದ ಮೇಷ್ಟ್ರು ನಮಗೆ ಕ್ಲಾಸಿನಲ್ಲಿ ಲೆಕ್ಕ ಕೊಟ್ಟಿದ್ದರು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬಂತು. ಒಬ್ಬನ ಪ್ರಕಾರ ಅವನು ಕಾಶಿಗೆ ಹೋಗಿ ಬಂದಿದ್ದ; ಇನ್ನೊಬ್ಬನ ಪ್ರಕಾರ ಕೊಪ್ಪವನ್ನೂ ದಾಟಿರಲಿಲ್ಲ. ಎಲ್ಲಿಗೂ ಹೋಗದೆ ಅಷ್ಟು ದೂರ ತುಳಿದ ಬೇರೊಬ್ಬನನ್ನು, ಜಿಮ್ಮುಗಳು ಬರುವವರೆಗೆ, ನಾನು ನೋಡಿರಲಿಲ್ಲ.

ನನ್ನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ಅವನ ಸೈಕಲ್ಲು ಇರುವುದು ನಾಲ್ಕನೆಯ ಮಹಡಿಯ ಹಾಲಿನಲ್ಲಿ, ಗೋಡೆಗೆ ನೇತುಹಾಕಿಕೊಂಡು. ನಮ್ಮ ಮನೆಗಳಲ್ಲಿ ಆ ಜಾಗ ತೀರಿಹೋದ ಹಿರಿಯರದು. ಒಂದು ಭಾನುವಾರ ಕೋಳಿ ಕೂಗುವ ಹೊತ್ತಿಗೆ ಅದನ್ನು ಗೋಡೆಯಿಂದ ಇಳಿಸಿ, ಅಂದೇ ಬೆಳಗಿನ ತಿಂಡಿಯ ಹೊತ್ತಿಗೆ ಬೆಸಗರಹಳ್ಳಿಗೆ ಬಂದುಬಿಟ್ಟ. ಚಿಕ್ಕಪ್ಪ ಜಗಲಿಯ ಮೇಲೆ ಕೂತಿದ್ದರು.

‘ಯಾರ್ಲಾ ಅದು, ಬನೀನು ಚಡ್ಡೀಲಿ ಬಂದಿರೋದು?’

‘ನಾನು ತಾತ.’

‘ನೀನಾ ಮಗ! ಬಸ್ಸು ಕೆಟ್ಟೋಯ್ತಾ?’

‘ಇಲ್ಲ ತಾತ, ಬೆಂಗಳೂರಿಂದ ಸೈಕಲ್ಲಲ್ಲೇ ಬಂದೆ.’

ಚಿಕ್ಕಪ್ಪ ನನ್ನ ಮುಖ ನೋಡಿದರು. ಹುಡುಗನ ಕೆಲಸಕ್ಕೆ ಏನೋ ಸಂಚಕಾರ ಬಂದಿದೆ, ಇವನು ಮುಚ್ಚಿಡುತ್ತಿದ್ದಾನೆ ಎಂಬ ಗುಮಾನಿ ಆ ನೋಟದಲ್ಲಿತ್ತು.

‘ಕಾರು ಮಾರ್ಬುಟ್ಯಾ?’

‘ಇದೆ ತಾತ, ಮನೇಲಿದೆ.’

‘ಮತ್ತೆ? ಏನ್ ತಂದೆ?’

‘ಏನೂ ತಂದಿಲ್ಲ.’

‘ಇಲ್ಲಿಂದ ಏನ್ ತಕ್ಕೊಂಡು ಹೋಯ್ತೀಯಾ?’

‘ಏನೂ ಇಲ್ಲ ತಾತ. ಸುಮ್ನೆ ಬಂದೆ.’

ಎಂಬತ್ತು ದಾಟಿದ ಚಿಕ್ಕಪ್ಪ ಜಗಲಿಯಿಂದಿಳಿದು ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಸಂತೆಯಲ್ಲಿ ಎತ್ತಿನ ಸುಳಿ ನೋಡುವವರ ಗಾಂಭೀರ್ಯ. ಹಿಂದಿನ ಗಾಲಿಯ ಮೇಲಿನ ಬಟ್ಟಬಯಲಿನಲ್ಲಿ ಕೈಯಾಡಿಸಿದರು. ‘ಕ್ಯಾರಿಯರೇ ಇಲ್ವಲ್ಲೋ. ಎಷ್ಟು ಕೊಟ್ಟೆ?’ ಮಗ ಅರ್ಧ ಹಿಂಜರಿಕೆ, ಅರ್ಧ ಹೆಮ್ಮೆಯಿಂದ ಒಂದೂವರೆ ಲಕ್ಷ ಎಂದ. ‘ಒಂದೂವರೆ ಲಕ್ಷಕ್ಕೆ ಸ್ಟ್ಯಾಂಡೂ ಹಾಕ್ಕೊಡ್ಲಿಲ್ವಾ ಆ ಬಡ್ಡೀಮಗ? ಮಡ್ಗಾರ್ಡಿಲ್ಲ, ಚೈನ್‌ಕವರಿಲ್ಲ... ಮೋಸ ಹೋದೆ ಕಣ್ ಮಗ.’ ತೂಕವೇ ಇಲ್ಲ ನೋಡಿ ತಾತ ಎಂದು ಇವನು ಸೈಕಲ್ಲನ್ನು ಎರಡು ಬೆರಳಿನಲ್ಲಿ ಎತ್ತಿ ತೋರಿಸಿದ. ಅದರಿಂದ ಅವರ ಅನುಮಾನ ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ತೂಕವಿಲ್ಲದೆಯೂ ಬೆಲೆಬಾಳುವ ಸಾಮಾನು ಲೋಕದಲ್ಲಿ ರೇಷ್ಮೆ ಗೂಡು ಒಂದೇ ಎಂದು ನಂಬಿದವರು ಅವರು.

ರೊಟ್ಟಿ ತಿನ್ನುತ್ತಾ ಮಗ ‘ಬ್ರೆವೆ’ಯ ವಿಚಾರ ಹೇಳಿದ. ಪಂದ್ಯವಲ್ಲ, ಗೆದ್ದವರು ಸೋತವರು ಇಲ್ಲ. ಇಷ್ಟು ದೂರವನ್ನು ಇಷ್ಟು ಹೊತ್ತಿನೊಳಗೆ ಮುಗಿಸಬೇಕು, ಅಷ್ಟೇ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 600ಕ್ಕೆ 40. ದಾರಿಯಲ್ಲಿ ಅಲ್ಲಲ್ಲಿ ನಿಂತು ಕಾರ್ಡಿಗೆ ಸೀಲು ಹಾಕಿಸಿಕೊಳ್ಳಬೇಕು. ಇದರ ಮೂಲ ಫ್ರಾನ್ಸು. ಪ್ಯಾರಿಸ್‌ನಿಂದ ಬ್ರೆಸ್ಟ್ ಎಂಬ ಕಡಲ ದಡದ ಊರಿಗೆ ಹೋಗಿ ವಾಪಸು ಪ್ಯಾರಿಸ್ಸಿಗೆ ಬರುವ 1200 ಕಿಲೋಮೀಟರಿನ ಸವಾರಿ 1891ರಲ್ಲಿ ಶುರುವಾದದ್ದು. ಈಗಲೂ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, 90 ಗಂಟೆಯಲ್ಲಿ ಮುಗಿಸಬೇಕು. 2023ರಲ್ಲಿ ನಮ್ಮ ದೇಶದಿಂದಲೂ ಹೋದವರಿದ್ದರು. ಚಿಕ್ಕಪ್ಪ ಎಲ್ಲವನ್ನೂ ಗಮನವಿಟ್ಟು ಕೇಳಿ, ‘ಸೀಲ್ ಹಾಕುಸ್ಕೊಂಡ್ರೆ ಏನ್ ಕೊಡ್ತಾರೆ?’ ಎಂದರು. ಒಂದು ಪದಕ ಕೊಡುತ್ತಾರೆ, ಅದಕ್ಕೆ ನಾವೇ ದುಡ್ಡು ಕೊಡಬೇಕು ಎಂದ ಮಗ. ಅವರು ಮುಂದೆ ಏನೂ ಕೇಳದೆ ಅವನಿಗೆ ಇನ್ನೊಂದು ರೊಟ್ಟಿ ಹಾಕಿಸಿದರು.

ಮಧ್ಯಾಹ್ನ ಹೊರಟವನು ಊರಾಚೆಗೂ ಹೋಗಲಿಲ್ಲ. ಜಾಲಿಮುಳ್ಳು. ಬೆರಳುದ್ದದ ಗ್ಯಾಸಿನ ಕೊಳವೆ ಒಂದಿತ್ತು. ಚುಸ್ ಎಂದು ಒಂದೇ ಉಸಿರಿಗೆ ಟ್ಯೂಬು ತುಂಬಿ, ಅಷ್ಟೇ ಬೇಗ ಖಾಲಿಯಾಯಿತು. ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಬಂದೆವು. ಅದು ಈಗ ಬೈಕುಗಳ ಅಂಗಡಿ. ಆದರೂ ಅಂಗಡಿಯಾತ ಹಳಬ, ಟೈರು ಬಿಚ್ಚುವಾಗ ಅವನ ಕೈ ಯೋಚಿಸುವುದಿಲ್ಲ. ಟ್ಯೂಬನ್ನು ಎಳೆದು, ಗಾಳಿ ತುಂಬಿ, ಬಾಂಡ್ಲಿಯ ಕಪ್ಪು ನೀರಿನಲ್ಲಿ ಮೊಳ ಮೊಳವಾಗಿ ಮುಳುಗಿಸುತ್ತಾ ಹೋದ. ಗುಳ್ಳೆ ಎದ್ದ ಕಡೆ ಹೆಬ್ಬೆರಳು ಒತ್ತಿ, ಒರೆಸಿ, ಅರ ಹಾಕಿ ಉಜ್ಜಿ, ಸಲ್ಯೂಷನ್ ಸವರಿ, ಉಫ್ ಉಫ್ ಎಂದು ಊದಿ, ತುಂಡು ರಬ್ಬರು ಅಂಟಿಸಿ ಸುತ್ತಿಗೆಯಲ್ಲಿ ನಾಲ್ಕು ಬಡಿತ ಬಡಿದ. ಆ ಸಲ್ಯೂಷನ್ನಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಮತ್ತೆ ಹತ್ತು ವರ್ಷದ ಹುಡುಗನಾಗಿಬಿಟ್ಟೆ. ಕಷ್ಟ ಬಂದದ್ದು ಗಾಳಿ ಹೊಡೆಯುವಾಗ. ಇವನ ಟ್ಯೂಬಿನ ಬಾಯಿ ಊದುಬತ್ತಿಯಷ್ಟು ತೆಳ್ಳಗೆ. ಕಂಪ್ರೆಸರಿನ ಮೂತಿ ಅದಕ್ಕೆ ಕೂರಲಿಲ್ಲ. ಅಂಗಡಿಯಾತ ಮೂಲೆಯಿಂದ ಹಳೆಯ ಕಾಲ್ಪಂಪು ಎಳೆದು ತಂದು, ತುದಿಗೆ ಏನೋ ಬಟ್ಟೆ ಚೂರು ಸುತ್ತಿ ಒತ್ತಿ ಹಿಡಿದ. ಸ್ವಲ್ಪ ಸೋರಿದರೂ ಹಿಡಿಯಿತು. ಎಷ್ಟು ಬೇಕು ಎಂದರೆ ನೂರು ಪೌಂಡು ಎಂದ ಮಗ. ‘ನೂರಾ! ನಮ್ಮೂರ ಎತ್ತಿನಗಾಡಿ ಟೈರೂ ಅಷ್ಟು ತಿನ್ನಾಕಿಲ್ಲ ಸಾ’ ಎಂದು ಅವನು ಸರದಿಯ ಮೇಲೆ ನಮ್ಮಿಬ್ಬರಿಂದಲೂ ಪಂಪು ಹೊಡೆಸಿದ. ಮೂವತ್ತು ರೂಪಾಯಿ ತೆಗೆದುಕೊಂಡ.

ಹಗುರವಾದ ಮಾತುಗಳ ನಡುವೆ ಒಂದು ಭಾರದ ಸಂಗತಿ ಹೇಳಬೇಕಾಗಿದೆ. 2021ರ ಮೇ ತಿಂಗಳು, ಕೊರೊನಾ ಲಾಕ್‌ಡೌನು, ಬಸ್ಸಿಲ್ಲ. ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಕೂಲಿ ಕೆಲಸದ ತಂದೆಯೊಬ್ಬರು, ಮಗನಿಗೆ ತಪ್ಪಿಸುವಂತಿಲ್ಲದ ಔಷಧಿ ತರಲು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಸೈಕಲ್ಲಿನಲ್ಲಿ ಹೊರಟರು. ಬನ್ನೂರು, ಮಳವಳ್ಳಿ, ಕನಕಪುರದ ದಾರಿ. ನಾವು ಹುಡುಗರಾಗಿದ್ದಾಗ ದೊಡ್ಡಿಯವರೆಗೆ ಟ್ರ್ಯಾಕ್ಟರ್ ಹಿಡಿದು ತೂಗಾಡುತ್ತಾ, ಆಮೇಲೆ ತುಳಿದು ಸೇರುತ್ತಿದ್ದ ಅದೇ ಮಳವಳ್ಳಿ. ಹೋಗಿ ಬರುವುದಕ್ಕೆ ಸುಮಾರು 300 ಕಿಲೋಮೀಟರು. ಔಷಧಿ ತಂದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಎಲ್ಲರೂ ಕಣ್ಣೊರೆಸಿಕೊಂಡರು, ಆಮೇಲೆ ಮರೆತರು. ಮಗ ಸೀಲು ಹಾಕುವ ಕಾರ್ಡಿನ ವಿಷಯ ಹೇಳಿದಾಗ ನನಗೆ ಅವರ ನೆನಪಾಯಿತು. ಅವರ ಬಳಿ ಇದ್ದದ್ದು ಆಸ್ಪತ್ರೆಯ ಚೀಟಿ. ಪೇಟೆ ಮತ್ತು ಹಳ್ಳಿಯನ್ನು ಜೋಡಿಸುವ ದೂರದ ಸೈಕಲ್ ದಾರಿ ನಮ್ಮಲ್ಲಿ ಇದೆಯೇ ಎಂದು ಯಾರಾದರೂ ಕೇಳಿದರೆ, ಇದೆ, ಒಬ್ಬರು ತುಳಿದು ತೋರಿಸಿದ್ದಾರೆ ಎನ್ನುತ್ತೇನೆ. ಅವರು ಹಾಗೆ ತುಳಿಯಬೇಕಾಗಿ ಬಂದದ್ದು ನಮಗೆ ಮರ್ಯಾದೆಯ ವಿಷಯವಲ್ಲ.

ಸರ್ಕಾರ ಸೈಕಲ್ಲಿಗೆ ಏನೂ ಮಾಡಿಲ್ಲ ಎಂದರೆ ನಾಲಿಗೆ ಸುಟ್ಟೀತು. 2006–07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ಲು ಕೊಡಲು ಶುರು ಮಾಡಿದಾಗ ನಮ್ಮ ಕಡೆಯ ರಸ್ತೆಗಳ ರೂಪವೇ ಬದಲಾಯಿತು. ಅದುವರೆಗೆ ಹೈಸ್ಕೂಲು ದೂರ ಎಂದು ಏಳಕ್ಕೇ ಬಿಡಿಸಿ ಮನೆಯಲ್ಲಿ ಕೂರಿಸುತ್ತಿದ್ದ ಹೆಣ್ಣುಮಕ್ಕಳು ಎರಡು ಜಡೆ ಹಾರಿಸಿಕೊಂಡು, ರಸ್ತೆಯ ಅಗಲಕ್ಕೂ ಸಾಲು ಹಿಡಿದು, ಹಿಂದೆ ಬರುವ ಬಸ್ಸು ಎಷ್ಟು ಹಾರನ್ ಹೊಡೆದರೂ ಮಾತು ಮುಗಿಸಿಯೇ ದಾರಿ ಬಿಡುತ್ತಿದ್ದರು. ಆ ಮಕ್ಕಳ ಅಪ್ಪಂದಿರು ರಾತ್ರಿ ಅದೇ ಸೈಕಲ್ಲಿಗೆ ಹುಲ್ಲಿನ ಹೊರೆ ಕಟ್ಟುತ್ತಿದ್ದರು, ಅದು ಬೇರೆ ಮಾತು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂದು ಬಾಡಿಗೆ ಸೈಕಲ್ಲು ಬಂದಾಗ ಪತ್ರಿಕೆಗಳು ಹೊಸ ಯುಗ ಎಂದವು. ಗಂಟೆಗೆ ನಾಲ್ಕಾಣೆ ಕೊಟ್ಟು ಬೆಳೆದ ನಾವು ನಕ್ಕೆವು.

ಮಗ ಒಂದು ಕನಸು ಬಿತ್ತಿ ಹೋಗಿದ್ದಾನೆ: ನಾಲೆಯ ಏರಿ. ಫ್ರಾನ್ಸಿನಲ್ಲಿ ತೂಲೂಸ್ ನಗರದಿಂದ ಮೆಡಿಟರೇನಿಯನ್ ದಡದ ಸೆತ್‌ವರೆಗೆ 240 ಕಿಲೋಮೀಟರು ಉದ್ದದ ಹಳೆಯ ನಾಲೆಯಿದೆ, 1681ರಲ್ಲಿ ತೆರೆದದ್ದು. ದೋಣಿ ಎಳೆಯುವ ಕುದುರೆ ನಡೆಯಲೆಂದು ಮಾಡಿದ್ದ ಅದರ ಏರಿಯ ಮೇಲೆ ಈಗ ಸೈಕಲ್ಲಿನವರು ಹೋಗುತ್ತಾರೆ. ಹಳ್ಳಿಹಳ್ಳಿಗೆ ನಿಂತು ಉಂಡು ಮಲಗಿ ಹೋಗುತ್ತಾರೆ, ಹಳ್ಳಿಗೂ ನಾಲ್ಕು ಕಾಸು. ನಮ್ಮ ಕನ್ನಂಬಾಡಿಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಗೆ ಏನು ಕಡಿಮೆ ಎಂಬುದು ಅವನ ವಾದ. ಹುಲಿಕೆರೆಯ ಸುರಂಗ ತೂರಿ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಹರಿಯುವ ನೀರು, ಪಕ್ಕದಲ್ಲಿ ಏರಿ, ಏರಿಯ ಕೆಳಗೆ ಭತ್ತ, ಕಬ್ಬು, ತೆಂಗು. ಕೇಳುವುದಕ್ಕೆ ಚೆನ್ನ. ಆದರೆ ಅದೇ ನಾಲೆಗೆ 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ಉರುಳಿ 30 ಜನ ಸತ್ತರು, ಸ್ಕೂಲಿನಿಂದ ಮನೆಗೆ ಹೊರಟ ಮಕ್ಕಳೂ ಸೇರಿ. ಕಾರುಗಳು ಬಿದ್ದದ್ದೂ ಉಂಟು. ತಡೆಗೋಡೆಯಿಲ್ಲದ ಏರಿಯನ್ನು ಪ್ರವಾಸಿ ದಾರಿ ಎಂದು ಕರೆಯಲು ನನಗೆ ಧೈರ್ಯ ಸಾಲದು. ಮೊದಲು ಗೋಡೆ, ಆಮೇಲೆ ಕನಸು.

ಅದಕ್ಕಿಂತ ಸಲೀಸಾದದ್ದು, ಇರುವ ದಾರಿಯನ್ನು ದಾರಿ ಎಂದು ಒಪ್ಪಿಕೊಳ್ಳುವುದು. ಸರ್ವಿಸ್ ರಸ್ತೆಯ ಕಡಿದ ತುಂಡುಗಳನ್ನು ಜೋಡಿಸಲಿ. ಮದ್ದೂರಿನಿಂದ ಬೆಸಗರಹಳ್ಳಿ, ಕೊಪ್ಪದ ಕಡೆಗೂ ಕೆ.ಎಂ. ದೊಡ್ಡಿ, ಮಳವಳ್ಳಿಯ ಕಡೆಗೂ ರಸ್ತೆಯ ಅಂಚಿನಲ್ಲಿ ಒಂದು ಮೊಳ ಡಾಂಬರನ್ನು ಗುಂಡಿಯಿಲ್ಲದೆ ಇಟ್ಟು, ಬಿಳಿ ಗೆರೆ ಎಳೆದು, ಸೈಕಲ್ಲಿನ ಚಿತ್ರದ ಬೋರ್ಡು ನೆಡಲಿ. ಎಂಟು ಸಾವಿರ ಕೋಟಿಯ ಮಾತಲ್ಲ ಇದು. ಅದರಲ್ಲಿ ಒಂದೂವರೆ ಲಕ್ಷದ ಸೈಕಲ್ಲೂ ಹೋಗಲಿ, ಹಾಲಿನ ಕ್ಯಾನೂ ಹೋಗಲಿ. ಬೋರ್ಡಿನ ಮೇಲೆ ಯಾರ ಫೋಟೋನೂ ಬೇಡ ಎಂದು ಕೇಳಿಕೊಳ್ಳುವಷ್ಟು ದುರಾಸೆ ನನಗಿಲ್ಲ.

ಅಲ್ಲಿಯವರೆಗೆ ಬೆಂಗಳೂರಿನಿಂದ ಬರುವವರಿಗೆ ನನ್ನದೊಂದು ವಿನಂತಿ. ದಯವಿಟ್ಟು ಸೈಕಲ್ಲಿಗೆ ಒಂದು ಕ್ಯಾರಿಯರ್ ಹಾಕಿಸಿಕೊಂಡು ಬನ್ನಿ. ಸೈಕಲ್ಲಿನ ಅಂದ ಕೆಡುತ್ತದೆ ಎಂದು ನನ್ನ ಮಗ ಹೇಳುತ್ತಾನೆ, ಕೆಡಲಿ. ನಮ್ಮ ಕಡೆ ಆಲೆಮನೆಗಳು ಇನ್ನೂ ಇವೆ. ಅಚ್ಚುಬೆಲ್ಲ ಕೊಳ್ಳಿ, ಬಕೆಟ್ ಬೆಲ್ಲ ಬೇಡ, ದಿಬ್ಬದಲ್ಲಿ ನಿಮಗೆ ತಡೆಯುವುದಿಲ್ಲ. ಜಗಲಿಯ ಮೇಲೆ ಕೂತವರು ಏನು ತಂದಿರಿ, ಏನು ಒಯ್ಯುತ್ತೀರಿ ಎಂದು ಕೇಳಿಯೇ ಕೇಳುತ್ತಾರೆ, ಉತ್ತರ ಇಟ್ಟುಕೊಂಡಿರಿ. ಪಂಕ್ಚರ್ ಆಗುವುದಿದ್ದರೆ ಬೆಳಗ್ಗೆ ಹತ್ತರೊಳಗೆ ಆಗಲಿ. ಮದುವೆಯ ಕಾಲದಲ್ಲಿ ಆಮೇಲೆ ಅಂಗಡಿಯಾತ ಊಟಕ್ಕೆ ಹೋಗಿರುತ್ತಾನೆ, ಕಾಲ್ಪಂಪು ಒಳಗಿಟ್ಟು ಬೀಗ ಹಾಕಿರುತ್ತಾನೆ.